ಕರ್ಣ 50 ಅಡಿ ಬರಬೇಕು

ನಮ್ಮದು 30–40 ಸೈಟು. ಮೈಸೂರಿನ ರಿಂಗ್ ರೋಡ್ ದಾಟಿ ಬೋಗಾದಿ ಕಡೆ ಹೋದರೆ ಸಾಲಾಗಿ ಹೊಸ ಬಡಾವಣೆಗಳು ಸಿಗುತ್ತವಲ್ಲ, ಅಂಥದ್ದೊಂದರಲ್ಲಿ ಇದೆ. ಪೂರ್ವಕ್ಕೆ ರಸ್ತೆ, ಹಿಂದೆ ಇನ್ನೊಂದು ಖಾಲಿ ಸೈಟು. ತೆಗೆದುಕೊಂಡ ದಿನದಿಂದ ಅಲ್ಲಿ ಬೆಳೆದಿದ್ದು ಕಾಂಗ್ರೆಸ್ ಗಿಡ ಮಾತ್ರ. ಈ ವರ್ಷ ಕಟ್ಟುವುದೇ ಸೈ ಎಂದು ಮನೆಯಲ್ಲಿ ತೀರ್ಮಾನವಾಯಿತು. ಸುದ್ದಿ ಕೇಳಿದವರಲ್ಲಿ "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅನ್ನದೆ ಬಿಟ್ಟವರು ಒಬ್ಬರೂ ಇಲ್ಲ. ನಮ್ಮ ಸ್ಟಾಫ್ ರೂಮಿನಲ್ಲಂತೂ ಒಬ್ಬೊಬ್ಬರದು ಒಂದೊಂದು ಪುರಾಣ. ಒಬ್ಬರ ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಇನ್ನೊಬ್ಬರ ಮನೆಯಲ್ಲಿ ಮಂಚ ಹಾಕಿದ ಮೇಲೆ ಸ್ವಿಚ್ಚು ಮಂಚದ ಹಿಂದೆ ಹೋಗಿದೆ.

ಈ ಕಥೆಗಳನ್ನು ಕೇಳುತ್ತಾ ನನಗೆ ಅನಿಸಿದ್ದು ಇಷ್ಟು. ಇವುಗಳಲ್ಲಿ ಮುಕ್ಕಾಲು ಪಾಲು ತಪ್ಪು ಕಟ್ಟುವಾಗ ಆಗಿದ್ದಲ್ಲ. ಕಟ್ಟುವ ಮೊದಲು ಯಾರೂ ಅಳತೆ ಹಿಡಿದು ನೋಡಲಿಲ್ಲ, ಅಷ್ಟೇ. ಕಾಗದದ ಮೇಲಿನ ಗೋಡೆಯನ್ನು ರಬ್ಬರಿನಲ್ಲಿ ಅಳಿಸಬಹುದು. ಇಟ್ಟಿಗೆ ಗೋಡೆಗೆ ಬ್ರೇಕರ್ ಬೇಕು, ಕೂಲಿ ಬೇಕು, ಮೇಸ್ತ್ರಿಯ ಮುಖ ನೋಡುವ ಧೈರ್ಯ ಬೇಕು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಕಟ್ಟಡದ ವಿಷಯ ನನಗೇನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಳೆಯುವುದು, ಲೆಕ್ಕ ಹಾಕುವುದು. ಅಷ್ಟನ್ನೇ ಮಾಡಿದೆ. ಇನ್ನೂ ಒಂದು ಇಟ್ಟಿಗೆ ಕೂಡ ಇಟ್ಟಿಲ್ಲ. ಗುದ್ದಲಿ ಪೂಜೆ ಆಷಾಢ ಕಳೆದ ಮೇಲೆ. ಅಷ್ಟರಲ್ಲಿ ಟೇಪು, ನೋಟ್‌ಬುಕ್ಕು ಹಿಡಿದು ಓಡಾಡಿದ್ದರಲ್ಲಿ ಏನೇನು ಗೊತ್ತಾಯಿತು ಅಂತ ಬರೆಯುತ್ತಿದ್ದೇನೆ.

ಮೊದಲು ಕಾಗದ ಪತ್ರ. ಇದನ್ನು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಇ-ಖಾತಾ, ಕಂದಾಯ ಕಟ್ಟಿದ ರಸೀದಿ, ಜಮೀನು ವಸತಿಗೆ ಪರಿವರ್ತನೆಯಾದ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ. ಇಸಿ, ಅಂದರೆ ಆಸ್ತಿಯ ಮೇಲೆ ಸಾಲಗೀಲ ಇದೆಯೇ ಎಂದು ತೋರಿಸುವ ಋಣಭಾರ ಪತ್ರ, ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲೇ ಸಿಗುತ್ತದೆ. ಬ್ಯಾಂಕಿನವರು ಕೇಳುವ ಮೊದಲೇ ಎಲ್ಲವನ್ನೂ ಒಂದು ಫೈಲಿಗೆ ಹಾಕಿ, ಎರಡು ಸೆಟ್ ಜೆರಾಕ್ಸ್ ಮಾಡಿಸಿ ಇಟ್ಟೆ. ಆದರೆ ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ ಅಂತ ಇರುತ್ತದಲ್ಲ, ಅದನ್ನು ಜನ ಓದಿ ಬಿಟ್ಟುಬಿಡುತ್ತಾರೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು, ಉತ್ತರಕ್ಕೆ ಇಂಥದ್ದು, ದಕ್ಷಿಣಕ್ಕೆ ಇಂಥದ್ದು. ಆ ಹಾಳೆ ಕೈಯಲ್ಲಿ ಹಿಡಿದು ಸೈಟಿನಲ್ಲಿ ನಿಂತು ಒಂದೊಂದೇ ದಿಕ್ಕು ಹೊಂದಿಸಿ ನೋಡಿದೆವು. ಆಮೇಲೆ ಟೇಪು ಬಿಚ್ಚಿದೆವು.

ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು, 3, 4, 5 ಬಾಹುಗಳ ತ್ರಿಭುಜ ಲಂಬಕೋನ ತ್ರಿಭುಜ. 30–40 ಸೈಟು ಅಂದರೆ ಅದರ ಹತ್ತರಷ್ಟು. ನಾಲ್ಕು ಮೂಲೆಯೂ ಸರಿಯಾಗಿ 90 ಡಿಗ್ರಿ ಇದ್ದರೆ ಮೂಲೆಯಿಂದ ಮೂಲೆಗೆ ಕರ್ಣ ಎಳೆದಾಗ 50 ಅಡಿ ಬರಲೇಬೇಕು. ಒಂದಿಂಚು ಆಚೆ ಈಚೆ ಇಲ್ಲ. ಕರ್ನಾಟಕದಲ್ಲಿ ಲಕ್ಷಾಂತರ ಜನ 30–40 ಸೈಟು ತೆಗೆದುಕೊಂಡಿದ್ದಾರೆ. ಇಷ್ಟು ಚೆಂದದ ಸಂಖ್ಯೆ ಕೈಯಲ್ಲೇ ಇದ್ದರೂ ಎಷ್ಟು ಜನ ಆ ಕರ್ಣ ಅಳೆದು ನೋಡಿದ್ದಾರೋ ಕಾಣೆ.

ಟೇಪಿನ ಒಂದು ತುದಿ ಮಗ ಹಿಡಿದ, ಇನ್ನೊಂದು ನಾನು. ಮುಂದೆ 30 ಅಡಿ. ಎರಡೂ ಪಕ್ಕ 40. ಒಂದು ಕರ್ಣ ಸರಿಯಾಗಿ 50. ಇನ್ನೊಂದು 49 ಅಡಿ ಒಂಬತ್ತೂವರೆ ಇಂಚು. ಟೇಪು ಜೋಲು ಬಿದ್ದಿದೆಯೇನೋ ಎಂದು ಬಿಗಿಯಾಗಿ ಎಳೆದು ಮತ್ತೆ ನೋಡಿದೆವು. ಅಷ್ಟೇ. ಹಾಗಾದರೆ ಹಿಂದಿನ ಅಗಲ ಕಡಿಮೆ ಇರಬೇಕು ಎಂದು ಅಳೆದರೆ 29 ಅಡಿ 8 ಇಂಚು. ವಾಯವ್ಯದ ಮೂಲೆಗಲ್ಲು ನಾಲ್ಕಿಂಚು ಒಳಗೆ ಬಂದಿತ್ತು. ಪಕ್ಕದ ಸೈಟಿನವರು ಒಳ್ಳೆಯವರು. ಬಂದು ನೋಡಿ, "ನಿಮ್ದು ನಾಲ್ಕಿಂಚು ಇಟ್ಕೊಂಡು ನಾನೇನ್ ಮಾಡ್ಲಿ ಟೀಚರೇ" ಎಂದು ನಕ್ಕರು. ಸರ್ವೇಯರ್ ಕರೆಸಿ ಕಲ್ಲು ಸರಿ ಮಾಡಿಸಿದ್ದಾಯಿತು. ಕಾಂಪೌಂಡ್ ಎದ್ದ ಮೇಲಾಗಿದ್ದರೆ ಆ ನಗು ಇರುತ್ತಿತ್ತೋ ಇಲ್ಲವೋ.

ಆಮೇಲೆ ಮಣ್ಣು. ನಮ್ಮ ಕಡೆ ಕೆಂಪು ಮಣ್ಣೇ ಜಾಸ್ತಿ, ಆದರೆ ಅಲ್ಲಲ್ಲಿ ಕಪ್ಪು ಜಿಗುಟು ಮಣ್ಣೂ ಇದೆ. ಬಡಾವಣೆ ಮಾಡುವಾಗ ತಗ್ಗಿಗೆ ಎಲ್ಲಿಂದಲೋ ಮಣ್ಣು ತಂದು ಸುರಿದಿರುತ್ತಾರೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಂಜಿನಿಯರ್ ಎರಡು ಕಡೆ ಗುಂಡಿ ತೆಗೆಸಿ ಅಂದರು. ಮುಂದಿನ ಗುಂಡಿಯಲ್ಲಿ ಮೂರಡಿಗೇ ಗಟ್ಟಿ ಗರಸು ಸಿಕ್ಕಿತು. ಹಿಂದಿನ ಗುಂಡಿಯಲ್ಲಿ ಮೊದಲು ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ, ಹಳೆ ಚಪ್ಪಲಿ. ಅದರ ಕೆಳಗೆ ಕಪ್ಪು ಮಣ್ಣು. ಗರಸು ಸಿಕ್ಕಾಗ ಐದೂವರೆ ಅಡಿ ದಾಟಿತ್ತು. ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಪಾಯ ಅದರ ಮೇಲೆ ಕೂತರೆ ಗೋಡೆಯೂ ಅದರ ಜೊತೆ ಕುಣಿಯುತ್ತದೆ. ಹಾಗಾಗಿ ಹಿಂದಿನ ಸಾಲಿನ ಕಾಲಂಗಳ ಪಾಯ ಗರಸಿನವರೆಗೂ ಇಳಿಯಲೇಬೇಕು ಅಂತಾಯಿತು. ಖರ್ಚು ಜಾಸ್ತಿ, ಹೌದು. ಆದರೆ ಅದು ಈಗಲೇ ಅಂದಾಜಿಗೆ ಸೇರಿತು. ಕೆಲಸ ಶುರುವಾದ ಮೇಲೆ "ಮೇಡಂ, ಗಟ್ಟಿ ಸಿಗ್ತಿಲ್ಲ, ಎಕ್ಸ್‌ಟ್ರಾ ಆಗುತ್ತೆ" ಎಂದು ಫೋನ್ ಬರುವುದಿಲ್ಲ.

ಮಣ್ಣು ನೋಡಿದ ದಿನವೇ ಮಟ್ಟವನ್ನೂ ನೋಡಿದೆವು. ಇದನ್ನು ಮಾಡಿದ್ದು ಮೇಸ್ತ್ರಿ. ಟಿ. ನರಸೀಪುರದ ಕಡೆಯವರು, ಮಾತು ಕಡಿಮೆ. ಒಂದು ಉದ್ದನೆ ಪಾರದರ್ಶಕ ಪೈಪು ತಂದಿದ್ದರು. ಅದಕ್ಕೆ ನೀರು ತುಂಬಿಸಿ, ಒಂದು ತುದಿಯನ್ನು ರಸ್ತೆಯ ಒಳಚರಂಡಿ (ಯುಜಿಡಿ) ಮ್ಯಾನ್‌ಹೋಲ್ ಹತ್ತಿರ ಹುಡುಗನ ಕೈಗೆ ಕೊಟ್ಟರು. ಇನ್ನೊಂದು ತುದಿ ಹಿಡಿದು ಸೈಟಿನ ಹಿಂದಿನ ಮೂಲೆಗೆ ಹೋದರು. ನಡುವೆ ಪೈಪಿನಲ್ಲೆಲ್ಲೋ ಗಾಳಿಗುಳ್ಳೆ ನಿಂತಿತ್ತು. ಅದು ಮೇಲೆ ಬಂದು ಒಡೆಯುವ ತನಕ ಬೆರಳಿನಲ್ಲಿ ಪೈಪು ಮೀಟುತ್ತಾ ಕೂತರು. "ಗುಳ್ಳೆ ಇದ್ರೆ ಮಟ್ಟ ಸುಳ್ಳು ಹೇಳ್ತದೆ ಅಮ್ಮ" ಅಂದರು. ನೀರು ಅಲ್ಲಾಡುವುದು ನಿಂತ ಮೇಲೆ ಎರಡೂ ಕಡೆ ಗೂಟಕ್ಕೆ ಪೆನ್ಸಿಲ್ ಗೆರೆ ಎಳೆದರು. ನೆಲದಿಂದ ಆ ಗೆರೆ ಎಷ್ಟು ಎತ್ತರ ಅಂತ ಎರಡೂ ಕಡೆ ಅಳೆದು ಕಳೆದರೆ ಮುಗಿಯಿತು. ನಮ್ಮ ಸೈಟಿನ ಹಿಂಭಾಗ ರಸ್ತೆಗಿಂತ 14 ಇಂಚು ತಗ್ಗು.

ಇದರಿಂದ ಏನು ತೊಂದರೆ? ಬಚ್ಚಲು ಇರುವುದು ಹಿಂದೆ. ಮ್ಯಾನ್‌ಹೋಲ್ ಇರುವುದು ಮುಂದೆ. ನಡುವೆ 40 ಅಡಿ. ನಾಲ್ಕಿಂಚಿನ ಪೈಪಿಗೆ 60ಕ್ಕೆ 1ರಂತೆ ಇಳಿಜಾರು ಕೊಟ್ಟರೂ 40 ಅಡಿಗೆ 8 ಇಂಚು ಬೇಕು. ಇದರ ಜೊತೆಗೆ ಪ್ರತಿ ಸಲ ಟಾರು ಹಾಕಿದಾಗಲೂ ರಸ್ತೆ ಏರುತ್ತದೆ. ಹಳೇ ಬಡಾವಣೆಗಳಲ್ಲಿ ರಸ್ತೆಯಿಂದ ಮೆಟ್ಟಿಲು ಇಳಿದು ಮನೆಯೊಳಗೆ ಹೋಗುವುದನ್ನು ನೋಡಿದ್ದೀರಲ್ವಾ? ಆ ಮನೆಗಳನ್ನೂ ಕಟ್ಟಿದಾಗ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದರು. ನಾವು ಮನೆಯ ನೆಲಮಟ್ಟವನ್ನು ರಸ್ತೆಯಿಂದ ಎರಡೂವರೆ ಅಡಿ ಮೇಲೆ ಇಟ್ಟಿದ್ದೇವೆ.

ಇಷ್ಟಾದ ಮೇಲೆ ಅಳತೆ ಕೂರಿಸುವ ಹೊತ್ತು ಬಂತು. ಸುತ್ತಲೂ ಒಂದೊಂದು ಮೀಟರ್ ಬಿಡಬೇಕು ಎಂದು ಎಂಜಿನಿಯರ್ ಹೇಳಿದರು. ಉಳಿಯುವುದು 23 ಅಡಿ ಚಿಲ್ಲರೆ ಅಗಲ, 33 ಅಡಿ ಚಿಲ್ಲರೆ ಉದ್ದ. ನಮ್ಮ ಅತ್ತೆಗೆ ಆಯ, ಅಂದರೆ ಮನೆಯ ಉದ್ದ ಅಗಲ ಶುಭವೋ ಅಲ್ಲವೋ ಎನ್ನುವ ವಾಸ್ತು ಲೆಕ್ಕ, ನೋಡಿಸದೆ ಸಮಾಧಾನವಿಲ್ಲ. "ನೀನು ನಂಬ್ತೀಯೋ ಬಿಡ್ತೀಯೋ, ನೋಡ್ಸೋದಕ್ಕೇನು" ಎಂದರು. ಜೋಯಿಸರ ಹತ್ತಿರ ಹೋದೆವು. ಅವರು ಹಳೇ ಪುಸ್ತಕ ತೆಗೆದರು. ಉದ್ದ ಅಗಲ ಗುಣಿಸು, ಬಂದದ್ದನ್ನು 9ರಿಂದ ಗುಣಿಸು, 8ರಿಂದ ಭಾಗಿಸು. ಶೇಷ 1 ಬಂದರೆ ಧ್ವಜಾಯ, 2 ಧೂಮಾಯ, 3 ಸಿಂಹಾಯ, 4 ಶ್ವಾನಾಯ, 5 ವೃಷಭಾಯ, 6 ಖರಾಯ, 7 ಗಜಾಯ, ಏನೂ ಉಳಿಯದಿದ್ದರೆ ಕಾಕಾಯ. ಬೆಸ ಬಂದರೆ ಒಳ್ಳೆಯದು, ಸಮ ಬಂದರೆ ಬೇಡ.

ನನಗೆ ಕೈ ತಡೆಯಲಿಲ್ಲ. ಅವರು ಗುಣಿಸುತ್ತಿರುವಾಗಲೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ನೋಡಿದೆ. 8ರಿಂದ ಭಾಗಿಸುವಾಗ 9ರಿಂದ ಗುಣಿಸಿದರೂ ಒಂದೇ, ಬಿಟ್ಟರೂ ಒಂದೇ. ಯಾಕೆಂದರೆ 9ರಲ್ಲಿ ಒಂದು 8 ಹೋದರೆ ಉಳಿಯುವುದು 1. ಶೇಷ ಬದಲಾಗುವುದೇ ಇಲ್ಲ. ನಮ್ಮದು 23 × 33. ಅಂದರೆ 759. ಎಂಟರಿಂದ ಭಾಗಿಸಿದರೆ ಶೇಷ 7. ಒಂಬತ್ತರಿಂದ ಗುಣಿಸಿ 6831 ಮಾಡಿ ಭಾಗಿಸಿದರೂ 7. ಇನ್ನೊಂದು ಸೊಗಸು ನೋಡಿ. ಉದ್ದ ಅಗಲ ಎರಡೂ ಬೆಸ ಸಂಖ್ಯೆಯ ಅಡಿ ಇಟ್ಟರೆ ಗುಣಲಬ್ಧ ಬೆಸವೇ. ಬೆಸ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಶೇಷವೂ ಬೆಸವೇ. ಕೆಟ್ಟ ಆಯ ಬರಲು ದಾರಿಯೇ ಇಲ್ಲ! 25 × 35 ಇಡಿ, 21 × 31 ಇಡಿ, ಏನಾದರೂ ಒಂದು ಒಳ್ಳೆಯದೇ ಬರುತ್ತದೆ.

ಜೋಯಿಸರು ಲೆಕ್ಕ ಮುಗಿಸಿ "ಗಜಾಯ" ಅಂದರು. ನಾನು ನನ್ನ ಹಾಳೆ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ಓದಿದರು. "ಲೆಕ್ಕ ಯಾರು ಹಾಕಿದ್ರೇನಮ್ಮ, ಗಜಾಯ ಬಂತಲ್ಲ" ಎಂದು ನಕ್ಕು ತಾಂಬೂಲ ತೆಗೆದುಕೊಂಡರು. ಅತ್ತೆಗೂ ಖುಷಿ, ನನಗೂ ಖುಷಿ.

ಒಳಗಿನ ಪ್ಲಾನಿಗೆ ಬಂದಾಗ ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ, "ಯಾವ ಥರ ಮನೆ ಬೇಕು ಮೇಡಂ, ಫೋಟೋ ಏನಾದ್ರೂ ಇದೆಯಾ?" ಮಗಳ ಫೋನಿನಲ್ಲಿ ಫೋಟೋಗಳು ಬೇಕಾದಷ್ಟಿದ್ದವು. ಬಿಳಿ ಅಡುಗೆಮನೆ, ಗಾಜಿನ ರೇಲಿಂಗ್, ತೂಗುವ ದೀಪ. ಅವುಗಳಲ್ಲಿ ಒಂದರಲ್ಲೂ ಒಗ್ಗರಣೆ ಹಾಕಿದ ಗುರುತಿಲ್ಲ. ನಾನು ಫೋಟೋ ಬದಲು ನೋಟ್‌ಬುಕ್ಕು ಕೊಟ್ಟೆ. ಈಗಿರುವ ಬಾಡಿಗೆ ಮನೆಯಲ್ಲಿ ನಾವು ಐದು ಜನ ಹೇಗೆ ಇರುತ್ತೇವೆ ಅನ್ನುವುದನ್ನು ಬರೆದಿಟ್ಟಿದ್ದೆ. ಬೆಳಗ್ಗೆ ಏಳಕ್ಕೆ ಬಚ್ಚಲ ಮುಂದೆ ಯಾರು ಯಾರು ಕಾಯುತ್ತಾರೆ. ಯಜಮಾನರು ಶೇವ್ ಮಾಡಿಕೊಳ್ಳುವುದು ಎಲ್ಲಿ. ಬಂದವರ ಚಪ್ಪಲಿ ಎಲ್ಲಿ ಬೀಳುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಯಾವ ಕುರ್ಚಿಯ ಮೇಲೆ ಒಣಗುತ್ತದೆ. ಗೌರಿ ಹಬ್ಬಕ್ಕೆ ಅಟ್ಟದಿಂದ ಇಳಿಸುವ ಪಾತ್ರೆಗಳೆಷ್ಟು. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಗ್ರೈಂಡರ್, ಹಳೇ ಪೇಪರ್, ದಸರಾ ಗೊಂಬೆಗಳ ಪೆಟ್ಟಿಗೆ. ಗೊಂಬೆ ಪೆಟ್ಟಿಗೆಗಳು ಜಾಗ ಕೇಳುತ್ತವೆ ಅಂತ ಯಾವ ಫೋಟೋದಲ್ಲೂ ಇರುವುದಿಲ್ಲ. ಮೈಸೂರಿನವರಿಗೆ ಹೇಳಬೇಕಾಗಿಲ್ಲ.

ಎಂಜಿನಿಯರ್ ಸುಮ್ಮನೆ ಓದಿದರು. ಮೆಟ್ಟಿಲ ಕೆಳಗಿನ ಜಾಗಕ್ಕೆ ಬಾಗಿಲಿಟ್ಟು ಗೊಂಬೆಗೆ ಕೊಟ್ಟರು. ಬಚ್ಚಲ ಹೊರಗೆ ಒಂದು ವಾಶ್ ಬೇಸಿನ್ ಬಂತು. ಅದೊಂದರಿಂದಲೇ ಬೆಳಗಿನ ಕ್ಯೂ ಅರ್ಧ ಕರಗುತ್ತದೆ.

ಮೊದಲ ಡ್ರಾಯಿಂಗ್ ಬಂದಾಗ ಚೆನ್ನಾಗಿಯೇ ಕಂಡಿತು. ಆದರೆ ಕಾಗದದ ಮೇಲೆ ಎಲ್ಲಾ ರೂಮೂ ದೊಡ್ಡದಾಗಿಯೇ ಕಾಣುತ್ತವೆ. ಮಂಚದ ಚಿತ್ರ, ಸೋಫಾದ ಚಿತ್ರ ಎಷ್ಟು ಬೇಕೋ ಅಷ್ಟು ಕುಗ್ಗುತ್ತವೆ. ಹಾಗಾಗಿ ನಾನೂ ಮಗಳೂ ಒಂದು ಭಾನುವಾರ ಈಗಿನ ಮನೆಯ ತಾರಸಿಗೆ ಹೋಗಿ ರಂಗೋಲಿ ಪುಡಿಯಲ್ಲಿ ಕೆಳಗಿನ ಮಹಡಿಯ ಪ್ಲಾನನ್ನು ನಿಜವಾದ ಅಳತೆಯಲ್ಲೇ ಬಿಡಿಸಿದೆವು. ಅಡಿಗೆ ಅಡಿ. ಹೊರಗಿನ ಗೋಡೆಗೆ ಒಂಬತ್ತಿಂಚು ಅಗಲದ ಜೋಡಿ ಗೆರೆ, ಒಳಗಿನದಕ್ಕೆ ನಾಲ್ಕೂವರೆ. ಬಾಗಿಲು ತೆರೆಯುವ ಕಡೆ ಕಮಾನು. ಮನೆ ಓನರ್ ಮೇಲೆ ಬಂದು ಇದೇನು ಚುಕ್ಕಿ ಇಲ್ಲದ ರಂಗೋಲಿ ಎಂದು ನೋಡಿ ಹೋದರು.

ಅತ್ತೆಯನ್ನು ಕರೆದುಕೊಂಡು ಬಂದು "ಅಡುಗೆಮನೆಗೆ ಬನ್ನಿ ಅತ್ತೆ" ಎಂದೆ. ಅವರು ಬಾಗಿಲಿನ ಜಾಗದಿಂದಲೇ ಒಳಗೆ ಬಂದರು. ಗೆರೆ ದಾಟಲಿಲ್ಲ! ಕಟ್ಟೆ ಮುಂದೆ ನಿಂತರು. ಕೈ ಚಾಚಿ ಸಿಂಕು ಎಲ್ಲಿ ಎಂದು ಕೇಳಿದರು. ಆಮೇಲೆ ಸೀದಾ ನೆಲದ ಮೇಲೆ ಕೂತರು. "ಈಳಿಗೆಮಣೆ ಹಾಕ್ಕೊಂಡು ನಾನು ಇಲ್ಲಿ ಕೂತ್ರೆ ನೀನು ಒಲೆ ಹತ್ರ ಹೋಗೋದು ಹೆಂಗೆ?" ಎಂದರು. ನಾನು ನಡೆದು ನೋಡಿದೆ. ಅವರನ್ನು ದಾಟಿ ಹೋಗಲು ಆಗಲಿಲ್ಲ. ಎರಡೂ ಕಡೆ ಕಟ್ಟೆ ಇಟ್ಟು ನಡುವೆ ಬಿಟ್ಟಿದ್ದು ಮೂರೂಕಾಲು ಅಡಿ. ಒಬ್ಬರೇ ನಿಂತು ಅಡುಗೆ ಮಾಡುವ ಮನೆಗೆ ಅದು ಸಾಕು. ಒಬ್ಬರು ಕೂತು ಸೊಪ್ಪು ಸೋಸುವ, ಇನ್ನೊಬ್ಬರು ನಿಂತು ಸಾರು ಕುದಿಸುವ ಮನೆಗೆ ಸಾಲದು. ಒಂದು ಕಡೆಯ ಕಟ್ಟೆಯನ್ನು ಅರ್ಧ ಮಾಡಿಸಿದೆವು. ಅಲ್ಲಿ ಈಗ ಅತ್ತೆಗೆ ಕೂರುವ ಜಾಗ. ಹಬ್ಬಕ್ಕೆ ಹೋಳಿಗೆ ಒತ್ತುವುದಕ್ಕೂ ಅದೇ.

ಫ್ರಿಜ್ಜಿನ ಬಾಗಿಲನ್ನೂ ರಂಗೋಲಿಯಲ್ಲಿ ತೆರೆದು ನೋಡಿದೆವು. ಸ್ಟಾಫ್ ರೂಮಿನ ಆ ಕಥೆ ತಲೆಯಲ್ಲಿತ್ತಲ್ಲ. ಸರಿಯಾಗಿ ತೆರೆಯಿತು. ತೆರೆಯದೇ ಇದ್ದದ್ದು ಅತ್ತೆ ರೂಮಿನ ಬಚ್ಚಲ ಬಾಗಿಲು. ಒಳಕ್ಕೆ ತೆರೆದರೆ ಕಮೋಡಿಗೆ ಬಡಿಯುತ್ತಿತ್ತು. ಹೊರಕ್ಕೆ ತೆರೆಯುವಂತೆ ಮಾಡಿಸಿದೆವು. ವಯಸ್ಸಾದವರು ಒಳಗೆ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರೇ ಅಡ್ಡವಾಗಿಬಿಡುತ್ತಾರೆ, ಆದ್ದರಿಂದ ಹೇಗೂ ಹೊರಕ್ಕೇ ಒಳ್ಳೆಯದು ಎಂದು ಎಂಜಿನಿಯರ್ ಅಂದರು. ಈ ಮಾತು ಮೊದಲ ಡ್ರಾಯಿಂಗಿನಲ್ಲೇ ಬರಬಹುದಿತ್ತು, ಇರಲಿ.

ಅತ್ತೆಯ ರೂಮು ಇರುವುದು ನೈಋತ್ಯದಲ್ಲಿ. ವಾಸ್ತುಗೆ ಸರಿ, ಬಿಸಿಲಿಗೆ ಕಷ್ಟ. ಮಧ್ಯಾಹ್ನ ಪೂರ್ತಿ ಪಶ್ಚಿಮದ ಗೋಡೆ ಕಾದು ರಾತ್ರಿ ಆ ಬಿಸಿಯನ್ನು ಒಳಗೆ ಬಿಡುತ್ತದೆ. ಹಿಂದಿನ ಸೈಟು ಖಾಲಿ ಇರುವವರೆಗೆ ನೆರಳೂ ಇಲ್ಲ. ಅದಕ್ಕೆ ಬಚ್ಚಲು ಮತ್ತು ವಾರ್ಡ್‌ರೋಬನ್ನು ಪಶ್ಚಿಮದ ಗೋಡೆಗೆ ತಳ್ಳಿ, ಮಂಚವನ್ನು ಪೂರ್ವಕ್ಕೆ, ಕಿಟಕಿಯನ್ನು ದಕ್ಷಿಣಕ್ಕೆ ತಂದೆವು. ದಕ್ಷಿಣದ ಕಿಟಕಿಗೆ ಚಳಿಗಾಲದಲ್ಲಿ ಬಿಸಿಲು ಬರುತ್ತದೆ, ಬೇಸಿಗೆಯಲ್ಲಿ ಬರುವುದಿಲ್ಲ. ಅತ್ತೆಯ ಮಂಡಿನೋವಿಗೆ ಡಿಸೆಂಬರಿನ ಬಿಸಿಲು ಬೇಕೇ ಬೇಕು. ಉತ್ತರದ ಕಡೆ ಬಿಸಿಲೇ ಬರುವುದಿಲ್ಲ, ಅಲ್ಲಿ ಸಜ್ಜಾ ಬೇಡ ಎಂದು ಯಾರೋ ಹೇಳಿದ್ದರು. ಮೈಸೂರು ಇರುವುದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ವಾಪಸು ಬರುವುದು ಆಗಸ್ಟ್ ಮೂರನೇ ವಾರದ ಸುಮಾರಿಗೆ. ಆ ತಿಂಗಳುಗಳಲ್ಲಿ ಬಿಸಿಲು ಬರುವುದು ಉತ್ತರದ ಕಿಟಕಿಗೇ. ಸಜ್ಜಾ ನಾಲ್ಕೂ ಕಡೆ ಇದೆ.

ಮೆಟ್ಟಿಲಿನ ಬಗ್ಗೆ ಸಣ್ಣ ಜಗಳವೇ ಆಯಿತು. ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ, ಅಂದರೆ 126 ಇಂಚು. ಏಳಿಂಚಿನ ಮೆಟ್ಟಿಲಾದರೆ 18. ಆರಿಂಚಿನದಾದರೆ 21. ಮೂರು ಮೆಟ್ಟಿಲು ಜಾಸ್ತಿ, ಒಂದೊಂದಕ್ಕೆ ಹತ್ತಿಂಚು ಅಗಲ, ಒಟ್ಟು ಎರಡೂವರೆ ಅಡಿ ಜಾಗ ಹೆಚ್ಚು ಬೇಕು. ಹಾಲ್ ಚಿಕ್ಕದಾಗುತ್ತದೆ ಎಂದು ಯಜಮಾನರು. "ನಮ್ಗೂ ವಯಸ್ಸಾಗುತ್ತೆ ರೀ" ಎಂದು ನಾನು. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು ಎಂದು ಅತ್ತೆ ಹೇಳಿದ್ದೇ ತಡ, 21 ಗೆದ್ದಿತು. ಶಾಸ್ತ್ರ ಕೆಲವೊಮ್ಮೆ ನನ್ನ ಕಡೆಗೂ ಇರುತ್ತದೆ.

ನೀರಿನ ಲೆಕ್ಕ ಸುಲಭ. ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯುತ್ತಾರೆ. ಐದು ಜನಕ್ಕೆ 675. ಆ ಕಡೆ ನೀರು ದಿನಾ ಬರುವುದಿಲ್ಲ. ಸಂಪು ಆರಡಿ, ಆರಡಿ, ಎಂಟಡಿ ಇಟ್ಟರೆ 288 ಘನ ಅಡಿ, ಎಂಟು ಸಾವಿರ ಲೀಟರಿಗೆ ಮೇಲೆ. ಹತ್ತು ದಿನಕ್ಕೆ ಚಿಂತೆ ಇಲ್ಲ. ಇನ್ನು ತಾರಸಿ 759 ಚದರ ಅಡಿ. ಅದರ ಮೇಲೆ ಒಂದಿಂಚು ಮಳೆ ಬಿದ್ದರೆ ಹತ್ತಿರ ಹತ್ತಿರ 1,790 ಲೀಟರ್. ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್. ಅದರಲ್ಲೂ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಮ್ಮೆ ಚೆನ್ನಾಗಿ ಹೊಡೆಯುತ್ತದೆ. ಮಳೆನೀರು ಇಂಗಿಸುವ ಗುಂಡಿ ಪ್ಲಾನ್ ಪಾಸಾಗಲಿ ಎಂದು ತೋರಿಸುವ ಗೆರೆಯಾಗಬಾರದು. ನಮ್ಮಲ್ಲಿ ಮೊದಲ ಮಳೆಯ ಕೊಳಕು ನೀರು ಹೊರಗೆ ಹೋಗಿ, ಆಮೇಲಿನದ್ದು ಫಿಲ್ಟರ್ ಮೂಲಕ ಸಂಪಿಗೆ, ಹೆಚ್ಚಾದದ್ದು ಇಂಗುಗುಂಡಿಗೆ ಹೋಗುವಂತೆ ಪೈಪಿನ ದಾರಿ ಈಗಲೇ ಡ್ರಾಯಿಂಗಿನಲ್ಲಿದೆ.

ಪ್ಲಾನ್ ಪಾಸ್ ಮಾಡಿಸುವಾಗ ಹಲವರು ಕೊಟ್ಟ ಸಲಹೆ, "ಒಂದು ಪ್ಲಾನ್ ಪಾಸ್ ಮಾಡ್ಸಿ, ಇನ್ನೊಂದು ಕಟ್ಟಿ". ಊರಲ್ಲಿ ಎಲ್ಲರೂ ಮಾಡುತ್ತಾರಂತೆ. ನಾವು ಒಲ್ಲೆ ಅಂದೆವು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಎಂದು ತೀರ್ಪು ಕೊಟ್ಟ ಮೇಲೆ ಈ ಥರ ಕಟ್ಟಿದ ಎಷ್ಟೋ ಜನ ಮೀಟರಿಗಾಗಿ ಅಲೆದರು. ಅಷ್ಟಕ್ಕೂ ಒಂದಡಿ ಕಿಟಕಿ ಮುಂದೆ ತಂದು ಪಕ್ಕದವರ ಗಾಳಿ ತಡೆದರೆ ನಮಗೇನು ಸಿಗುತ್ತದೆ?

ಇನ್ನು ದುಡ್ಡು. ನಮ್ಮ ಕಡೆ ಮನೆಯನ್ನು ಚದರದಲ್ಲಿ ಹೇಳುತ್ತಾರೆ. ಒಂದು ಚದರ ಅಂದರೆ 100 ಚದರ ಅಡಿ. ನಮ್ಮದು ಎರಡು ಮಹಡಿ ಸೇರಿ ಸುಮಾರು 14 ಚದರ. ಮೂವರು ಗುತ್ತಿಗೆದಾರರಿಂದ ಕೊಟೇಶನ್ ತೆಗೆದುಕೊಂಡೆವು. ಎಲ್ಲರೂ ಸಾಮಾನು ಸಮೇತ ಚದರಕ್ಕೆ ಎರಡು ಲಕ್ಷದ ಆಸುಪಾಸು ಹೇಳಿದರು. ಎಲ್ಲರಿಗಿಂತ ಕಡಿಮೆ ಹೇಳಿದವರದು ಒಂದೇ ಹಾಳೆ, ನುಣುಪು ಕಾಗದ, ಬಣ್ಣದ ಪ್ರಿಂಟು. ಅದರಲ್ಲಿ ಸಂಪು ಇಲ್ಲ. ಕಾಂಪೌಂಡ್ ಇಲ್ಲ. ಗೇಟು ಇಲ್ಲ. ಓವರ್‌ಹೆಡ್ ಟ್ಯಾಂಕ್ ಇಲ್ಲ. ಬಾಲ್ಕನಿಯನ್ನೂ ಮೆಟ್ಟಿಲ ಮೇಲಿನ ರೂಮನ್ನೂ ಪೂರ್ತಿ ಚದರಕ್ಕೆ ಸೇರಿಸಿದ್ದಾರೆ. "ಉತ್ತಮ ದರ್ಜೆಯ ಟೈಲ್ಸ್" ಎಂದು ಬರೆದಿದ್ದಾರೆ, ಚದರ ಅಡಿಗೆ ಎಷ್ಟು ರೂಪಾಯಿಯದು ಎಂದು ಇಲ್ಲ. ಪಾಯ ನಾಲ್ಕಡಿ ಎಂದಿದೆ. ನಮ್ಮ ಗುಂಡಿ ಐದೂವರೆ. ಬಿಟ್ಟದ್ದನ್ನೆಲ್ಲ ಕೂಡಿಸಿದರೆ ಅವರದೇ ಎಲ್ಲರಿಗಿಂತ ಜಾಸ್ತಿ ಆಯಿತು.

ಹಾಗಾಗಿ ನಾವೇ ಒಂದು ಪಟ್ಟಿ ಮಾಡಿ ಮೂವರಿಗೂ ಅದನ್ನೇ ಕೊಟ್ಟು ಮತ್ತೆ ದರ ಕೇಳಿದೆವು. ಕಬ್ಬಿಣ ಎಫ್ಇ 500ಡಿ ದರ್ಜೆಯದು. ಗೋಡೆಗೆ ಇಟ್ಟಿಗೆಯೋ ಬ್ಲಾಕೋ, ಎಷ್ಟು ಇಂಚು. ಟೈಲ್ಸಿನ ಮೂಲ ದರ. ಕೋಣೆ ಕೋಣೆಗೆ ಎಷ್ಟು ಕರೆಂಟ್ ಪಾಯಿಂಟು. ಮುಂಬಾಗಿಲು ತೇಗವೋ ಮತ್ತಿಯೋ. ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಅದು ನಿಮ್ಮ ದರದಲ್ಲಿ ಎಲ್ಲಿದೆ ಎಂದೂ ಕೇಳಿದೆ. ಒಬ್ಬರು ಆಮೇಲೆ ಫೋನೇ ಎತ್ತಲಿಲ್ಲ. ಉಳಿದ ಇಬ್ಬರಲ್ಲಿ ಒಬ್ಬರು ಕೂತು ಒಂದೊಂದೇ ಸಾಲಿಗೆ ದರ ಬರೆದುಕೊಟ್ಟರು. ಅವರಿಗೇ ಕೊಟ್ಟೆವು. ಅವರು ಎಲ್ಲರಿಗಿಂತ ಅಗ್ಗವೇನಲ್ಲ.

ಕಬ್ಬಿಣದ ಒಂದು ಲೆಕ್ಕವನ್ನೂ ಅವರೇ ಹೇಳಿಕೊಟ್ಟರು. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 12 ಎಂಎಂ ಕಂಬಿ, 12 ಮೀಟರ್ ಉದ್ದದ್ದು, ಹತ್ತು ಕೆಜಿ 670 ಗ್ರಾಂ ಹತ್ತಿರ ತೂಗಬೇಕು. ಲಾರಿ ಬಂದಾಗ ಕಂಬಿ ಎಣಿಸಿ ಗುಣಿಸಿದರೆ ತೂಕದ ಚೀಟಿಗೆ ತಾಳೆ ಆಗಬೇಕು. ಎಂಟನೇ ಕ್ಲಾಸಿಗೆ ಮುಂದಿನ ಟೆಸ್ಟಿನಲ್ಲಿ ಇದನ್ನೇ ಕೊಡುತ್ತೇನೆ.

ಸಾಲದ್ದು ಹೆಚ್ಚು ಹೇಳುವುದಿಲ್ಲ. 30 ಲಕ್ಷದವರೆಗಿನ ಗೃಹಸಾಲಕ್ಕೆ ಬೆಲೆಯ 90 ಪರ್ಸೆಂಟ್, ಅದರ ಮೇಲೆ 75 ಲಕ್ಷದವರೆಗೆ 80 ಪರ್ಸೆಂಟ್ ತನಕ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮ. ಕೊಡಬಹುದು, ಕೊಡಲೇಬೇಕು ಅಂತಲ್ಲ. ದುಡ್ಡು ಒಟ್ಟಿಗೆ ಬರುವುದಿಲ್ಲ, ಪಾಯ, ಮೋಲ್ಡು, ಗಾರೆ ಎಂದು ಹಂತ ಹಂತವಾಗಿ ಬರುತ್ತದೆ. ಗುತ್ತಿಗೆದಾರರು ಕೇಳುವ ಹಂತ ಬೇರೆ, ಬ್ಯಾಂಕು ಕೊಡುವ ಹಂತ ಬೇರೆ. ನಾವು ಎರಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಅಗ್ರಿಮೆಂಟಿನ ಕಂತುಗಳನ್ನು ಬ್ಯಾಂಕಿನ ಹಂತಕ್ಕೆ ಹೊಂದಿಸಿದೆವು. ಅದರ ಮೇಲೆ ಅಂದಾಜಿನ ಹತ್ತನೇ ಒಂದು ಭಾಗವನ್ನು ಬೇರೆ ಎಫ್‌ಡಿಯಲ್ಲಿ ಇಟ್ಟಿದ್ದೇವೆ. ಅದು ಮಗಳ ತೂಗುವ ದೀಪಕ್ಕಲ್ಲ ಎಂದು ಮೊದಲೇ ಹೇಳಿದ್ದೇನೆ.

ಒಂದು ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಬೋರ್‌ವೆಲ್. ಕೆಲಸಕ್ಕೆ ನೀರು ಬೇಕಲ್ಲ, ಹೇಗೂ ಟ್ಯಾಂಕರಿಗೆ ದುಡ್ಡು ಕೊಡುವುದರ ಬದಲು ಈಗಲೇ ಕೊರೆಸಿಬಿಡೋಣ, ಮನೆ ಎದ್ದ ಮೇಲೆ ರಿಗ್ ಲಾರಿ ಒಳಗೆ ಬರುವುದಿಲ್ಲ ಎಂದು ಯಜಮಾನರು. ಎದುರು ಮನೆಯವರ ಬೋರು ಬೇಸಿಗೆಯಲ್ಲಿ ಕೈಕೊಟ್ಟಿದ್ದನ್ನು ನೋಡಿದ ಮೇಲೆ ಆ ದುಡ್ಡಿನಲ್ಲಿ ಸಂಪನ್ನೇ ದೊಡ್ಡದು ಮಾಡೋಣ ಎಂದು ನಾನು. ಎರಡಕ್ಕೂ ಲೆಕ್ಕ ಹಾಕಿದ್ದೇನೆ. ಆದರೆ ನೆಲದ ಕೆಳಗಿನ ನೀರು ಟೇಪಿಗೆ ಸಿಗುವುದಿಲ್ಲ. ಬೋಗಾದಿ, ಮರಟಿಕ್ಯಾತನಹಳ್ಳಿ ಸುತ್ತಮುತ್ತ ಈಚೆಗೆ ಬೋರು ಹಾಕಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಎಷ್ಟು ಅಡಿಗೆ ಎಷ್ಟು ಇಂಚು ನೀರು ಸಿಕ್ಕಿತು, ಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ದಯವಿಟ್ಟು ತಿಳಿಸಿ. ಗುದ್ದಲಿ ಪೂಜೆಗೆ ಮೊದಲು ಗೊತ್ತಾದರೆ ಒಳ್ಳೆಯದು. ಯಜಮಾನರು ಆಗಲೇ ರಿಗ್ಗಿನವರ ನಂಬರ್ ತೆಗೆದುಕೊಂಡಿದ್ದಾರೆ.